ಮನೆಯ ಫೋನ್ ಇಂಟರ್‌ನೆಟ್‌ಗೆ ಬಂದರೆ ಕರೆಂಟಿನ ಹೊಣೆ ಯಾರದು?

ಹಲವು ದೇಶಗಳಲ್ಲಿ ದೂರವಾಣಿ ಕಂಪನಿಗಳು ತಾಮ್ರದ ತಂತಿಯ ಮೇಲೆ ನಡೆಯುತ್ತಿದ್ದ ಲ್ಯಾಂಡ್‌ಲೈನ್ ಸೇವೆಯನ್ನು ಹಂತ ಹಂತವಾಗಿ ಮುಚ್ಚುತ್ತ ಬಂದಿವೆ. ಎಸ್ಟೋನಿಯಾ ಮತ್ತು ನೆದರ್‌ಲೆಂಡ್ಸ್‌ನಲ್ಲಿ ಈ ಕೆಲಸ ಮುಗಿದು ವರ್ಷಗಳೇ ಆದವು. ಬ್ರಿಟನ್ನಿನಲ್ಲಿ 2025ರ ಡಿಸೆಂಬರಿಗೆಂದು ಗೊತ್ತುಮಾಡಿದ್ದ ಗಡುವನ್ನು 2024ರ ಮೇ ತಿಂಗಳಲ್ಲಿ 2027ರ ಜನವರಿಗೆ ಮುಂದೂಡಲಾಯಿತು. ಅಮೆರಿಕದ ಎಟಿ ಅಂಡ್ ಟಿ ಕಂಪನಿ 2029ರ ಕೊನೆಯ ಹೊತ್ತಿಗೆ ತನ್ನ ತಾಮ್ರದ ಜಾಲದ ಬಹುಭಾಗದಿಂದ ಹೊರಬರುವ ಗುರಿ ಇಟ್ಟುಕೊಂಡಿದೆ. ಆದರೆ ಕ್ಯಾಲಿಫೋರ್ನಿಯಾದಲ್ಲಿ, ಕೇಳಿದವರಿಗೆಲ್ಲ ಮೂಲ ದೂರವಾಣಿ ಸೇವೆ ಕೊಡಲೇಬೇಕೆಂಬ ಹೊಣೆಯಿಂದ ತನ್ನನ್ನು ಬಿಡುಗಡೆ ಮಾಡಬೇಕೆಂದು ಅದೇ ಕಂಪನಿ ಸಲ್ಲಿಸಿದ್ದ ಅರ್ಜಿಯನ್ನು ಅಲ್ಲಿನ ನಿಯಂತ್ರಣ ಆಯೋಗ 2024ರ ಜೂನ್‌ನಲ್ಲಿ ತಳ್ಳಿಹಾಕಿತು.

ಇಂಥ ಸುದ್ದಿ ಓದಿದವರಿಗೆ ಗೊಂದಲವಾಗುವುದು ಸಹಜ. ಒಂದು ಕಡೆ ಲ್ಯಾಂಡ್‌ಲೈನ್ ನಿಲ್ಲುತ್ತದೆ ಎನ್ನುತ್ತಾರೆ. ಇನ್ನೊಂದು ಕಡೆ ನಿಮ್ಮ ಸಂಖ್ಯೆ ಬದಲಾಗುವುದಿಲ್ಲ, ಫೋನ್ ಕೂಡ ಅದೇ ಇರಬಹುದು, ಅದರ ವೈರನ್ನು ಗೋಡೆಯ ಸಾಕೆಟ್‌ನಿಂದ ತೆಗೆದು ರೂಟರ್‌ಗೆ ಸಿಕ್ಕಿಸಿದರೆ ಸಾಕು ಎನ್ನುತ್ತಾರೆ. ಎರಡೂ ಮಾತು ನಿಜವೇ. ಆದರೆ ಆ ವೈರು ಜಾಗ ಬದಲಿಸುವಾಗ, ಅಲ್ಲಿಯವರೆಗೆ ಕಂಪನಿ ಹೊತ್ತಿದ್ದ ಕೆಲವು ಹೊಣೆಗಳು ಸದ್ದಿಲ್ಲದೆ ಮನೆಯವರ ಹೆಗಲಿಗೆ ಬರುತ್ತವೆ. ಫೋನಿಗೆ ಕರೆಂಟ್ ಒದಗಿಸುವುದು, ಮಾತು ಸಾಗುವ ದಾರಿಯನ್ನು ಸುಸ್ಥಿತಿಯಲ್ಲಿಡುವುದು, ತುರ್ತು ಕರೆ ಎಲ್ಲಿಂದ ಬಂತೆಂದು ತಿಳಿಸುವುದು ಇವುಗಳಲ್ಲಿ ಮುಖ್ಯವಾದವು. ಇಂಟರ್‌ನೆಟ್ ಫೋನ್ ಒಳ್ಳೆಯದೋ ಕೆಟ್ಟದ್ದೋ ಎಂಬ ಚರ್ಚೆಗಿಂತ, ಈ ಹೊಣೆಗಳನ್ನು ಯಾರು ಎಷ್ಟು ಹೊರಬೇಕು ಎಂಬುದೇ ದೊಡ್ಡ ಪ್ರಶ್ನೆ.

ಹಳೆಯ ತಂತಿ ಏನೇನು ಮಾಡುತ್ತಿತ್ತು?

ಎಕ್ಸ್‌ಚೇಂಜ್‌ನಿಂದ ಮನೆಗೆ ಬರುವ ಜೋಡಿ ತಾಮ್ರದ ತಂತಿ ಮಾತನ್ನಷ್ಟೇ ಅಲ್ಲ, ಫೋನ್ ನಡೆಯಲು ಬೇಕಾದ ವಿದ್ಯುತ್ತನ್ನೂ ಹೊತ್ತು ತರುತ್ತದೆ. ಎಕ್ಸ್‌ಚೇಂಜ್‌ನಲ್ಲಿ ಸಾಲಾಗಿ ಜೋಡಿಸಿದ ಬ್ಯಾಟರಿಗಳು ತಂತಿಗೆ ಸುಮಾರು 48 ವೋಲ್ಟ್‌ಗಳ ಡಿಸಿ ವಿದ್ಯುತ್ ಕೊಡುತ್ತವೆ. ರಿಸೀವರ್ ಎತ್ತಿದ ಕೂಡಲೇ ಫೋನಿನೊಳಗಿನ ಸ್ವಿಚ್ ಕೂಡಿಕೊಂಡು ತಂತಿಯಲ್ಲಿ ಕರೆಂಟ್ ಹರಿಯತೊಡಗುತ್ತದೆ. ಈ ಹರಿವನ್ನು ಗುರುತಿಸಿದ ಎಕ್ಸ್‌ಚೇಂಜ್ ಡಯಲ್ ಟೋನ್ ಕಳಿಸುತ್ತದೆ. ಗಂಟೆ ಬಾರಿಸಲು ಬೇಕಾದ ಹೆಚ್ಚಿನ ವೋಲ್ಟೇಜಿನ ಎಸಿ ವಿದ್ಯುತ್ ಸಹ ಅದೇ ತಂತಿಯ ಮೇಲೆ ಬರುತ್ತದೆ. ಹೀಗಾಗಿ ಊರಿಗೆ ಊರೇ ಕತ್ತಲಾದಾಗಲೂ ತಂತಿಗೆ ನೇರವಾಗಿ ಜೋಡಿಸಿದ ಸಾದಾ ಫೋನ್ ನಡೆಯುತ್ತಿತ್ತು.

ಇದರ ಜೊತೆಗೆ, ಒಂದು ಜೋಡಿ ತಂತಿ ಒಂದೇ ಕಟ್ಟಡಕ್ಕೆ ಹೋಗುವುದರಿಂದ ಸಂಖ್ಯೆಗೂ ವಿಳಾಸಕ್ಕೂ ಬಿಡದ ನಂಟಿತ್ತು. ಕರೆ ಮಾಡಿದವರು ಮಾತನಾಡಲಾಗದ ಸ್ಥಿತಿಯಲ್ಲಿದ್ದರೂ ತುರ್ತು ಕೇಂದ್ರದವರು ಸಂಖ್ಯೆಯ ಮೂಲಕ ಮನೆಯನ್ನು ಹುಡುಕಬಹುದಿತ್ತು. ಈ ಅನುಕೂಲಗಳನ್ನು ಯಾರೂ ಪ್ರತ್ಯೇಕ ಸೇವೆಯೆಂದು ಕೊಂಡಿರಲಿಲ್ಲ. ತಂತಿಯ ಸ್ವಭಾವದಿಂದಲೇ ಒದಗಿದ ಅವು ತಂತಿಯ ಜೊತೆಗೇ ಹೋಗುತ್ತವೆ.

ಮಾತು ಪ್ಯಾಕೆಟ್ ಆಗುವ ಬಗೆ

ಇಂಟರ್‌ನೆಟ್ ಫೋನಿನಲ್ಲಿ ಧ್ವನಿಯನ್ನು ಮೊದಲು ಅಂಕಿಗಳಾಗಿ ಬದಲಾಯಿಸುತ್ತಾರೆ. ಹೆಚ್ಚು ಬಳಕೆಯಲ್ಲಿರುವ ಜಿ.711 ವಿಧಾನದಲ್ಲಿ ಧ್ವನಿಯನ್ನು ಸೆಕೆಂಡಿಗೆ 8000 ಸಲ ಅಳೆದು, ಪ್ರತಿ ಅಳತೆಯನ್ನು 8 ಬಿಟ್‌ಗಳಲ್ಲಿ ಬರೆಯಲಾಗುತ್ತದೆ. ಅಂದರೆ ಸೆಕೆಂಡಿಗೆ 64 ಕಿಲೋಬಿಟ್. ಇದನ್ನು ಸಾಮಾನ್ಯವಾಗಿ 20 ಮಿಲಿಸೆಕೆಂಡಿನ ತುಣುಕುಗಳಾಗಿ ಕತ್ತರಿಸಿದರೆ ಸೆಕೆಂಡಿಗೆ 50 ಪ್ಯಾಕೆಟ್‌ಗಳಾಗುತ್ತವೆ, ಒಂದೊಂದರಲ್ಲೂ 160 ಬೈಟ್ ಧ್ವನಿ. ಅದರ ಮೇಲೆ ಎಲ್ಲಿಗೆ ಹೋಗಬೇಕು, ಸರದಿಯಲ್ಲಿ ಎಷ್ಟನೆಯದು ಎಂಬ ವಿವರಕ್ಕಾಗಿ ಇನ್ನೂ 40 ಬೈಟ್ ಸೇರುತ್ತದೆ. ಎಲ್ಲ ಕೂಡಿಸಿದರೂ ಒಂದು ಕರೆಗೆ ಹೋಗುವ ದಿಕ್ಕಿನಲ್ಲಿ ನೂರು ಕಿಲೋಬಿಟ್, ಬರುವ ದಿಕ್ಕಿನಲ್ಲಿ ನೂರು ಕಿಲೋಬಿಟ್ ದಾಟುವುದಿಲ್ಲ.

ಈ ಲೆಕ್ಕ ಒಂದು ತಪ್ಪು ಕಲ್ಪನೆಯನ್ನು ತೊಡೆದುಹಾಕುತ್ತದೆ. ಕರೆ ತುಂಡು ತುಂಡಾಗಿ ಕೇಳಿಸಿದಾಗ ಹೆಚ್ಚಿನವರು ಇನ್ನೂ ವೇಗದ ಪ್ಲ್ಯಾನ್ ತೆಗೆದುಕೊಳ್ಳಲು ಮುಂದಾಗುತ್ತಾರೆ. ಹತ್ತಾರು ಮೆಗಾಬಿಟ್ ವೇಗದ ಸಂಪರ್ಕದಲ್ಲಿ ನೂರು ಕಿಲೋಬಿಟ್‌ಗೆ ಜಾಗದ ಕೊರತೆ ಇರುವುದಿಲ್ಲ. ತೊಂದರೆ ಇರುವುದು ಹೊತ್ತಿಗೆ ಸರಿಯಾಗಿ ತಲುಪುವುದರಲ್ಲಿ. ವೆಬ್ ಪುಟವೊಂದು ಅರ್ಧ ಸೆಕೆಂಡ್ ತಡವಾದರೆ ಯಾರೂ ಗಮನಿಸುವುದಿಲ್ಲ, ಆದರೆ ಮಾತಿನ ಪ್ಯಾಕೆಟ್ ತಡವಾಗಿ ಬಂದರೆ ಅದನ್ನು ಎಸೆಯಬೇಕಾಗುತ್ತದೆ, ಏಕೆಂದರೆ ಆ ಅಕ್ಷರ ಕೇಳಿಸಬೇಕಾದ ಗಳಿಗೆ ಕಳೆದುಹೋಗಿರುತ್ತದೆ. ಒಂದು ತುದಿಯಿಂದ ಇನ್ನೊಂದಕ್ಕೆ ಮಾತು ತಲುಪಲು 150 ಮಿಲಿಸೆಕೆಂಡಿನೊಳಗಿನ ವಿಳಂಬವಿದ್ದರೆ ಸಂಭಾಷಣೆಗೆ ಅಡ್ಡಿಯಾಗುವುದಿಲ್ಲವೆಂದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಮಾರ್ಗಸೂಚಿ ಹೇಳುತ್ತದೆ. ವಿಳಂಬ ಅದಕ್ಕಿಂತ ಬಹಳ ಹೆಚ್ಚಾದಾಗ ಇಬ್ಬರೂ ಒಮ್ಮೆಗೇ ಮಾತು ಶುರುಮಾಡುವುದು, ಇಬ್ಬರೂ ಒಮ್ಮೆಗೇ ಸುಮ್ಮನಾಗುವುದು ನಡೆಯುತ್ತದೆ.

ಮನೆಯೊಳಗೆ ಈ ವಿಳಂಬ ಹುಟ್ಟುವ ಸಾಮಾನ್ಯ ಜಾಗ ರೂಟರ್. ಮನೆಯಲ್ಲಿ ಯಾರದೋ ಮೊಬೈಲ್ ತನ್ನ ಫೋಟೊ, ವಿಡಿಯೊಗಳನ್ನು ಕ್ಲೌಡ್‌ಗೆ ಏರಿಸತೊಡಗಿದರೆ ಹೊರಹೋಗುವ ದಾರಿ ತುಂಬಿ, ರೂಟರಿನಲ್ಲಿ ಪ್ಯಾಕೆಟ್‌ಗಳ ಉದ್ದನೆಯ ಸರದಿ ಬೆಳೆಯುತ್ತದೆ. ಮಾತಿನ ಪುಟ್ಟ ಪ್ಯಾಕೆಟ್ ಆ ಸರದಿಯ ಕೊನೆಗೆ ನಿಲ್ಲುತ್ತದೆ. ಆಗ ಆಚೆಯವರ ಮಾತು ನಿಮಗೆ ಸ್ವಚ್ಛವಾಗಿ ಕೇಳಿಸುತ್ತಿದ್ದರೂ ನಿಮ್ಮ ಮಾತು ಅವರಿಗೆ ಕಡಿದು ಕಡಿದು ಕೇಳಿಸುತ್ತದೆ. ರೂಟರಿನ ಸೆಟ್ಟಿಂಗ್‌ನಲ್ಲಿ ಧ್ವನಿಗೆ ಆದ್ಯತೆ ಕೊಟ್ಟರೆ ಇದು ಬಹುಪಾಲು ಸರಿಹೋಗುತ್ತದೆ. ವೈಫೈ ಬದಲು ಫೋನನ್ನು ಅಥವಾ ಅದರ ಅಡಾಪ್ಟರನ್ನು (ಹಳೆಯ ಫೋನನ್ನು ಇಂಟರ್‌ನೆಟ್‌ಗೆ ಹೊಂದಿಸುವ ಪುಟ್ಟ ಪೆಟ್ಟಿಗೆ) ಕೇಬಲಿನಲ್ಲಿ ಜೋಡಿಸುವುದೂ ಗುಣಮಟ್ಟವನ್ನು ಹೆಚ್ಚಿಸುತ್ತದೆ.

ಇನ್ನೊಂದು ದೋಷ ಹೆಚ್ಚು ಕಾಡುತ್ತದೆ: ಮನೆಯಿಂದ ಕರೆ ಹೋಗುತ್ತದೆ, ಆದರೆ ಹೊರಗಿನವರು ಕರೆ ಮಾಡಿದರೆ ಫೋನ್ ಗಂಟೆ ಬಾರಿಸುವುದಿಲ್ಲ. ಅಡಾಪ್ಟರ್ ತಾನು ಎಲ್ಲಿದ್ದೇನೆಂದು ಕಂಪನಿಯ ಸರ್ವರ್‌ಗೆ ಆಗಾಗ ವರದಿ ಮಾಡುತ್ತದೆ, ಆ ಮಾತುಕತೆಯ ಗುರುತನ್ನು ಇಟ್ಟುಕೊಂಡು ರೂಟರ್ ಉತ್ತರವನ್ನು ಒಳಗೆ ಬಿಡುತ್ತದೆ. ಸ್ವಲ್ಪ ಹೊತ್ತು ಏನೂ ಸಂಚಾರ ಇಲ್ಲದಿದ್ದರೆ ರೂಟರ್ ಆ ಗುರುತನ್ನು ಅಳಿಸಿಬಿಡುತ್ತದೆ. ಆಮೇಲೆ ಬಂದ ಕರೆಗೆ ಒಳಗೆ ಬರಲು ದಾರಿಯೇ ಇರುವುದಿಲ್ಲ. ಅಡಾಪ್ಟರ್ ಇನ್ನಷ್ಟು ಬೇಗ ಬೇಗ ವರದಿ ಮಾಡುವಂತೆ ಬದಲಾಯಿಸಿದರೆ ಸಾಕಾಗುತ್ತದೆ. ಆದರೆ ಈ ಕಾರಣವನ್ನು ಸಾಮಾನ್ಯ ಬಳಕೆದಾರರು ಊಹಿಸುವುದು ಕಷ್ಟ, ಫೋನ್ ಸತ್ತಿದೆಯೆಂಬುದೇ ಎಷ್ಟೋ ದಿನ ತಿಳಿಯದಿರಬಹುದು. ಹಳೆಯ ತಂತಿಯಲ್ಲಿ ಇಂಥ ಅರೆಬರೆ ಸ್ಥಿತಿ ಅಪರೂಪವಾಗಿತ್ತು.

ಒಂದೇ ಹೆಸರು, ಬೇರೆ ಬೇರೆ ಸೇವೆ

ಇಂಟರ್‌ನೆಟ್ ಫೋನ್ ಎಂದು ಒಂದೇ ಹೆಸರಿನಿಂದ ಕರೆಯುವ ಸೇವೆಗಳ ನಡುವೆ ದೊಡ್ಡ ಅಂತರವಿದೆ. ಬ್ರಾಡ್‌ಬ್ಯಾಂಡ್ ಕೊಡುವ ಕಂಪನಿಯೇ ಫೋನ್ ಸೇವೆಯನ್ನೂ ಕೊಟ್ಟಾಗ ಮಾತು ಆ ಕಂಪನಿಯ ಸ್ವಂತ ಜಾಲದೊಳಗೆ, ಆದ್ಯತೆಯ ಮೇಲೆ ಸಾಗಬಹುದು. ಬೇರೊಂದು ಕಂಪನಿಯ ಸೇವೆಯನ್ನು ಕೊಂಡು ಯಾರದೋ ಬ್ರಾಡ್‌ಬ್ಯಾಂಡ್ ಮೇಲೆ ನಡೆಸಿದರೆ ಮಾತು ತೆರೆದ ಇಂಟರ್‌ನೆಟ್ಟಿನಲ್ಲಿ ಉಳಿದೆಲ್ಲ ಸಂಚಾರದ ನಡುವೆಯೇ ಹೋಗಬೇಕು. ಇದು ಹೆಚ್ಚಾಗಿ ಅಗ್ಗ, ಬ್ರಾಡ್‌ಬ್ಯಾಂಡ್ ಕಂಪನಿ ಬದಲಿಸಿದರೂ ಸಂಖ್ಯೆ ಉಳಿಯುತ್ತದೆ, ಸಾಧನವನ್ನು ಬೇರೆ ಊರಿಗೆ ಒಯ್ದರೂ ಕೆಲಸ ಮಾಡುತ್ತದೆ. ಆದರೆ ತೊಂದರೆಯಾದಾಗ ದೋಷ ತಮ್ಮದಲ್ಲವೆಂದು ಎರಡೂ ಕಂಪನಿಗಳು ಹೇಳಲು ಅವಕಾಶವಿದೆ. ಆ್ಯಪ್‌ನಿಂದ ಆ್ಯಪ್‌ಗೆ ಮಾಡುವ ಕರೆ ಮೂರನೆಯ ಬಗೆ. ಅದು ಮಾತುಕತೆಗೆ ಒದಗುತ್ತದೆಯೇ ಹೊರತು, ಸಾಮಾನ್ಯವಾಗಿ ತುರ್ತು ಸಂಖ್ಯೆಗೆ ಕರೆ ಮಾಡಲು ಬರದ ಕಾರಣ ಮನೆಯ ಫೋನಿಗೆ ಬದಲಿಯಾಗಲಾರದು.

ಕಂಪನಿಗಳ ವಾದದಲ್ಲಿ ಹುರುಳಿದೆ

ಹಳೆಯ ಎಕ್ಸ್‌ಚೇಂಜ್ ಉಪಕರಣಗಳ ಬಿಡಿಭಾಗಗಳು ಸಿಗುತ್ತಿಲ್ಲ, ಅವನ್ನು ದುರಸ್ತಿ ಮಾಡಬಲ್ಲ ಎಂಜಿನಿಯರ್‌ಗಳು ನಿವೃತ್ತರಾಗುತ್ತಿದ್ದಾರೆ, ಚಂದಾದಾರರು ಕಡಿಮೆಯಾಗುತ್ತಿದ್ದರೂ ಇಡೀ ಜಾಲವನ್ನು ನಡೆಸುವ ಖರ್ಚು ಇಳಿಯುತ್ತಿಲ್ಲ ಎನ್ನುವುದು ಕಂಪನಿಗಳ ವಾದ. ತಾಮ್ರದ ಕಳ್ಳತನದ ಕಾಟವೂ ಇದೆ. ಇದು ನೆಪವಲ್ಲ. ದುರಸ್ತಿಯಾಗದ ಹಳೆಯ ಜಾಲವನ್ನು ಹಾಗೆಯೇ ಎಳೆದುಕೊಂಡು ಹೋದರೆ ಅದೂ ಕೈಕೊಡುತ್ತದೆ, ಅದನ್ನೇ ನಂಬಿದವರಿಗೆ ಆಗುವ ಹಾನಿಯೂ ಕಡಿಮೆಯಲ್ಲ.

ಬಳಕೆದಾರರಿಗೂ ಲಾಭವಿದೆ. ಹಳೆಯ ಫೋನ್ 300ರಿಂದ 3400 ಹರ್ಟ್ಜ್‌ವರೆಗಿನ ಧ್ವನಿಯನ್ನಷ್ಟೇ ಸಾಗಿಸುತ್ತಿತ್ತು, ಇಂಟರ್‌ನೆಟ್ ಫೋನಿನ ಜಿ.722 ಎಂಬ ವಿಧಾನ 50ರಿಂದ 7000 ಹರ್ಟ್ಜ್‌ವರೆಗೆ ಸಾಗಿಸುತ್ತದೆ. ಸ, ಶ, ಫ ಮುಂತಾದ ಉಚ್ಚಾರಗಳ ಬಹಳಷ್ಟು ಅಂಶ 3400 ಹರ್ಟ್ಜ್‌ಗಿಂತ ಮೇಲಿರುವುದರಿಂದ, ಕಿವಿ ಮಂದವಾದ ಹಿರಿಯರಿಗೆ ಈ ವ್ಯತ್ಯಾಸ ನಿಜಕ್ಕೂ ನೆರವಾಗುತ್ತದೆ. ಎರಡೂ ತುದಿಯ ಫೋನುಗಳು ಮತ್ತು ನಡುವಿನ ಜಾಲ ಇದನ್ನು ಬೆಂಬಲಿಸಬೇಕು ಎಂಬ ಷರತ್ತಿದೆ.

ಕರೆಂಟಿನ ವಿಷಯದಲ್ಲಿ ಕಂಪನಿಗಳು ಇನ್ನೊಂದು ಮಾತು ಹೇಳುತ್ತವೆ. ತಂತಿಯಿಲ್ಲದ ಕಾರ್ಡ್‌ಲೆಸ್ ಫೋನ್ ಬಳಸುವ ಮನೆಗಳಲ್ಲಿ ಅದರ ಬೇಸ್ ಗೋಡೆಯ ಪ್ಲಗ್‌ನಿಂದಲೇ ವಿದ್ಯುತ್ ಪಡೆಯುವುದರಿಂದ, ಕರೆಂಟ್ ಹೋದರೆ ಆ ಫೋನು ಹಳೆಯ ವ್ಯವಸ್ಥೆಯಲ್ಲೂ ನಿಲ್ಲುತ್ತಿತ್ತು, ಜೊತೆಗೆ ಈಗ ಬಹುತೇಕ ಎಲ್ಲರ ಕೈಯಲ್ಲೂ ಮೊಬೈಲ್ ಇದೆ ಎಂಬುದು ಅವರ ನಿಲುವು. ಮೊದಲ ಮಾತು ಪೂರ್ತಿ ನಿಜ. ಎರಡನೆಯದು ಹೆಚ್ಚಿನ ಮನೆಗಳಿಗೆ ಅನ್ವಯಿಸುತ್ತದೆ, ಆದರೆ ಅಪಾಯ ಇರುವುದು ಉಳಿದ ಮನೆಗಳಲ್ಲಿ.

ಬ್ರಿಟನ್ ಕಲಿಸಿದ ಪಾಠ

2021ರ ನವೆಂಬರ್‌ನಲ್ಲಿ ಆರ್ವೆನ್ ಚಂಡಮಾರುತ ಬ್ರಿಟನ್ನಿನ ಉತ್ತರ ಭಾಗವನ್ನು ಅಪ್ಪಳಿಸಿದಾಗ ಹತ್ತು ಲಕ್ಷಕ್ಕೂ ಹೆಚ್ಚು ಮನೆಗಳಲ್ಲಿ ಕರೆಂಟ್ ಹೋಯಿತು, ಕೆಲವು ಸಾವಿರ ಮನೆಗಳಿಗೆ ಅದು ಮರಳಿ ಬರಲು ಒಂದು ವಾರಕ್ಕೂ ಮೀರಿ ಕಾಯಬೇಕಾಯಿತು. ಇಂಥ ಚಂಡಮಾರುತಗಳ ಅನುಭವದ ಬೆನ್ನಲ್ಲೇ ಅಲ್ಲಿನ ಬಿಟಿ ಕಂಪನಿ 2022ರ ಮಾರ್ಚ್‌ನಲ್ಲಿ ಮನೆಗಳನ್ನು ಇಂಟರ್‌ನೆಟ್ ಫೋನಿಗೆ ಬದಲಾಯಿಸುವ ಕೆಲಸವನ್ನು ಕೆಲಕಾಲ ನಿಲ್ಲಿಸಿತು.

ಅದಕ್ಕಿಂತ ಗಂಭೀರವಾದದ್ದು ಟೆಲಿಕೇರ್ ಸಾಧನಗಳ ವಿಷಯ. ಒಂಟಿಯಾಗಿರುವ ಹಿರಿಯರು ಕುತ್ತಿಗೆಯಲ್ಲಿ ಧರಿಸುವ ಗುಂಡಿಯೊಂದನ್ನು ಒತ್ತಿದರೆ ಮನೆಯಲ್ಲಿಟ್ಟ ಪೆಟ್ಟಿಗೆ ಲ್ಯಾಂಡ್‌ಲೈನ್ ಮೂಲಕ ಸಹಾಯ ಕೇಂದ್ರಕ್ಕೆ ಕರೆ ಮಾಡುತ್ತದೆ. ಹಳೆಯ ಪೆಟ್ಟಿಗೆಗಳು ತಮ್ಮ ಗುರುತನ್ನು ನಿರ್ದಿಷ್ಟ ಸ್ವರಗಳ ಮೂಲಕ ಕಳಿಸುತ್ತವೆ. ಪ್ಯಾಕೆಟ್ ಆಗಿ ಕತ್ತರಿಸಿ, ಸಂಕುಚಿತಗೊಳಿಸಿ ಕಳಿಸುವಾಗ ಆ ಸ್ವರದ ಅಳತೆ ಚೂರು ಕೆಟ್ಟರೂ ಆಚೆಯ ಯಂತ್ರ ಅದನ್ನು ಗುರುತಿಸದೆ ಹೋಗಬಹುದು. ಮನುಷ್ಯನ ಕಿವಿ ನಡುವೆ ಬಿಟ್ಟುಹೋದ ಧ್ವನಿಯನ್ನು ಊಹಿಸಿಕೊಳ್ಳುತ್ತದೆ, ಯಂತ್ರಕ್ಕೆ ಆ ಶಕ್ತಿ ಇಲ್ಲ. ಹೊಸ ಫೋನಿಗೆ ಬದಲಾದ ಮೇಲೆ ಇಂಥ ಸಾಧನಗಳು ಕೆಲಸ ಮಾಡದ ಗಂಭೀರ ಘಟನೆಗಳು ಬೆಳಕಿಗೆ ಬಂದಾಗ, 2023ರ ಡಿಸೆಂಬರ್‌ನಲ್ಲಿ ಬ್ರಿಟನ್ನಿನ ಪ್ರಮುಖ ಕಂಪನಿಗಳು ಸರ್ಕಾರದೊಂದಿಗೆ ಒಪ್ಪಂದ ಮಾಡಿಕೊಂಡು, ಗ್ರಾಹಕರು ತಾವಾಗಿ ಕೇಳದ ಹೊರತು ಬದಲಾವಣೆ ಮಾಡುವುದನ್ನು ತಡೆಹಿಡಿದವು. ಗಡುವು ಮುಂದೆ ಹೋದದ್ದರ ಹಿಂದೆ ಈ ಹಿನ್ನೆಲೆ ಇದೆ. ಕಳ್ಳರ ಸುಳಿವು ಕೊಡುವ ಅಲಾರಂ, ಲಿಫ್ಟಿನೊಳಗಿನ ತುರ್ತು ಫೋನ್, ಫ್ಯಾಕ್ಸ್ ಯಂತ್ರ ಇವುಗಳಿಗೂ ಇದೇ ಬಗೆಯ ತೊಂದರೆ ಎದುರಾಗಬಹುದು.

ಬ್ರಿಟನ್ನಿನ ನಿಯಂತ್ರಣ ಸಂಸ್ಥೆ ಆಫ್‌ಕಾಮ್, ಕರೆಂಟ್ ಹೋದಾಗ ಕನಿಷ್ಠ 1 ಗಂಟೆ ತುರ್ತು ಕರೆ ಮಾಡಲು ಸಾಧ್ಯವಾಗುವ ವ್ಯವಸ್ಥೆ ಇರಬೇಕು, ಲ್ಯಾಂಡ್‌ಲೈನ್ ಒಂದನ್ನೇ ನಂಬಿದವರಿಗೆ ಅದನ್ನು ಪುಕ್ಕಟೆಯಾಗಿ ಕೊಡಬೇಕು ಎಂದು ಸೂಚಿಸಿದೆ. ಅಮೆರಿಕದ ಫೆಡರಲ್ ಕಮ್ಯುನಿಕೇಷನ್ಸ್ ಕಮಿಷನ್ 2015ರಲ್ಲಿ ಬೇರೆ ದಾರಿ ಹಿಡಿಯಿತು. 8 ಗಂಟೆ, ಆಮೇಲೆ 24 ಗಂಟೆ ನಡೆಯುವ ಬ್ಯಾಟರಿಯ ಆಯ್ಕೆಯನ್ನು ಕಂಪನಿ ಗ್ರಾಹಕರ ಮುಂದಿಡಬೇಕು, ಆದರೆ ಅದರ ಖರ್ಚನ್ನು ಗ್ರಾಹಕರಿಂದ ವಸೂಲಿ ಮಾಡಬಹುದು ಎಂದಿತು. ಈ ನಿಯಮದ ಅವಧಿ 2025ರ ಸೆಪ್ಟೆಂಬರ್‌ನಲ್ಲಿ ಮುಗಿಯಿತು. ಒಂದು ಕಡೆ ಹಣ ಕೇಳುವುದಿಲ್ಲ ಆದರೆ ಅವಧಿ ಅತಿ ಕಡಿಮೆ, ಇನ್ನೊಂದು ಕಡೆ ಅವಧಿ ಸಾಕಷ್ಟಿತ್ತು ಆದರೆ ಕೊಳ್ಳಬಲ್ಲವರಿಗೆ ಮಾತ್ರ. ಚಂಡಮಾರುತದಲ್ಲಿ ದಿನಗಟ್ಟಲೆ ಕರೆಂಟ್ ಇಲ್ಲದಾಗ 1 ಗಂಟೆಯ ವ್ಯವಸ್ಥೆ ಸಾಲದು. ಅಂಥ ಹೊತ್ತಿನಲ್ಲಿ ಮೊಬೈಲ್ ಗೋಪುರಗಳ ಬ್ಯಾಟರಿಯೂ ಮುಗಿಯುವುದರಿಂದ ಮೊಬೈಲ್ ಇದೆಯಲ್ಲ ಎಂಬ ಸಮಾಧಾನವೂ ನಿಲ್ಲುವುದಿಲ್ಲ. ಬೇರೆ ದಾರಿಯಿಲ್ಲದವರಿಗೆ ದೀರ್ಘಾವಧಿಯ ಬ್ಯಾಟರಿಯನ್ನು ಕಂಪನಿಯ ಖರ್ಚಿನಲ್ಲೇ ಕೊಡಿಸುವುದು ನ್ಯಾಯ, ಏಕೆಂದರೆ ತಾಮ್ರದ ಜಾಲ ಮುಚ್ಚುವುದರಿಂದ ಉಳಿಯುವ ಹಣ ಕಂಪನಿಗೇ ಸೇರುತ್ತದೆ.

ಜಪಾನಿನ ಎನ್‌ಟಿಟಿ ಕಂಪನಿ ಮಧ್ಯದ ದಾರಿಯೊಂದನ್ನು ತೋರಿಸಿತು. 2024ರ ಜನವರಿಯಿಂದ ಅದು ತನ್ನ ಎಕ್ಸ್‌ಚೇಂಜ್‌ಗಳ ನಡುವಿನ ಜಾಲವನ್ನು ಇಂಟರ್‌ನೆಟ್ ತಂತ್ರಜ್ಞಾನಕ್ಕೆ ಬದಲಾಯಿಸುತ್ತ ಹೋದರೂ ಮನೆಗೆ ಬರುವ ತಾಮ್ರದ ತಂತಿಯನ್ನು ಕೂಡಲೇ ತೆಗೆಯಲಿಲ್ಲ. ಗ್ರಾಹಕರು ಫೋನನ್ನಾಗಲಿ ಸಾಕೆಟ್ಟನ್ನಾಗಲಿ ಬದಲಾಯಿಸಬೇಕಾಗಿ ಬರಲಿಲ್ಲ. ತಂತ್ರಜ್ಞಾನ ಬದಲಾದ ಮಾತ್ರಕ್ಕೆ ಮನೆಯವರ ಮೇಲೆ ಭಾರ ಬೀಳಲೇಬೇಕೆಂದಿಲ್ಲ ಎಂಬುದನ್ನು ಇದು ತೋರಿಸುತ್ತದೆ. ತಾಮ್ರವನ್ನು ಅಲ್ಲಿಯೂ ಎಂದೆಂದಿಗೂ ಉಳಿಸಿಕೊಳ್ಳುವ ಯೋಚನೆ ಇಲ್ಲ, ಆದರೆ ಎರಡು ಬದಲಾವಣೆಗಳನ್ನು ಬೇರ್ಪಡಿಸಿದ್ದರಿಂದ ಜನರಿಗೆ ಸಮಯ ಸಿಕ್ಕಿತು.

ಬ್ಯಾಟರಿಯ ಲೆಕ್ಕ

ಮನೆಯಲ್ಲೇ ಯುಪಿಎಸ್ ಇಡುವುದಾದರೆ ಮೊದಲು ಯಾವ ಯಾವ ಸಾಧನಕ್ಕೆ ವಿದ್ಯುತ್ ಬೇಕೆಂದು ನೋಡಬೇಕು. ಫೈಬರ್ ಸಂಪರ್ಕವಿದ್ದರೆ ಬೆಳಕಿನ ಸಂಕೇತವನ್ನು ಬದಲಾಯಿಸುವ ಗೋಡೆಯ ಪೆಟ್ಟಿಗೆ, ರೂಟರ್, ಪ್ರತ್ಯೇಕ ಅಡಾಪ್ಟರ್ ಇದ್ದರೆ ಅದು, ಕಾರ್ಡ್‌ಲೆಸ್ ಆದರೆ ಅದರ ಬೇಸ್, ಇವೆಲ್ಲವೂ ನಡೆಯಬೇಕು. ಒಂದನ್ನು ಬಿಟ್ಟರೂ ಕರೆ ಹೋಗುವುದಿಲ್ಲ. ಎಲ್ಲ ಸೇರಿ 15 ವಾಟ್ ಬಳಸುತ್ತವೆ ಎಂದುಕೊಳ್ಳೋಣ. 12 ವೋಲ್ಟ್, 7 ಆಂಪಿಯರ್-ಅವರ್ ಬ್ಯಾಟರಿಯಲ್ಲಿ 84 ವಾಟ್-ಅವರ್ ಶಕ್ತಿ ಇರುತ್ತದೆ. ಕಾಗದದ ಮೇಲೆ ಅದು ಐದೂವರೆ ಗಂಟೆಗೆ ಸಾಕು. ಪರಿವರ್ತನೆಯ ನಷ್ಟ, ಬ್ಯಾಟರಿಯ ವಯಸ್ಸು ಕಳೆದರೆ ಮೂರು ನಾಲ್ಕು ಗಂಟೆ ಸಿಗಬಹುದು. ಡಿಸಿ ವಿದ್ಯುತ್ತನ್ನೇ ನೇರವಾಗಿ ರೂಟರ್‌ಗೆ ಕೊಡುವ ಪುಟ್ಟ ಯುಪಿಎಸ್‌ಗಳಲ್ಲಿ ಪರಿವರ್ತನೆಯ ನಷ್ಟ ಕಡಿಮೆ.

ಮನೆಯ ಹೊರಗೂ ಗಮನಿಸಬೇಕು. ಮನೆಯವರೆಗೆ ಬರುವ ಫೈಬರ್ ಜಾಲದಲ್ಲಿ ಎಕ್ಸ್‌ಚೇಂಜ್‌ಗೂ ಮನೆಗೂ ನಡುವೆ ಸಾಮಾನ್ಯವಾಗಿ ವಿದ್ಯುತ್ ಬೇಕಾದ ಉಪಕರಣ ಇರುವುದಿಲ್ಲ, ಬೆಳಕನ್ನು ಹಂಚುವ ಸ್ಪ್ಲಿಟರ್‌ಗೆ ಕರೆಂಟ್ ಬೇಡ. ಕೇಬಲ್ ಬ್ರಾಡ್‌ಬ್ಯಾಂಡ್‌ನಲ್ಲಿ ಮತ್ತು ಬೀದಿಯ ಪೆಟ್ಟಿಗೆಯವರೆಗೆ ಮಾತ್ರ ಫೈಬರ್ ಬರುವ ಕಡೆಗಳಲ್ಲಿ ಬೀದಿಯ ಉಪಕರಣಕ್ಕೂ ಕರೆಂಟ್ ಬೇಕು. ಅದರ ಬ್ಯಾಟರಿ ಮುಗಿದರೆ ಮನೆಯ ಯುಪಿಎಸ್ ಎಷ್ಟು ದೊಡ್ಡದಿದ್ದರೂ ಪ್ರಯೋಜನವಿಲ್ಲ. ಯುಪಿಎಸ್ ಕೊಳ್ಳುವ ಮುನ್ನ ಕಂಪನಿಯನ್ನು ಕೇಳಬೇಕಾದ ಪ್ರಶ್ನೆ ಇದೇ.

ವಿಳಾಸ ಯಾರ ಬಳಿ ಇದೆ?

ಸಾಧನವನ್ನು ಎಲ್ಲಿಗೆ ಬೇಕಾದರೂ ಒಯ್ಯಬಹುದೆಂಬ ಅನುಕೂಲವೇ ತುರ್ತು ಕರೆಯಲ್ಲಿ ತೊಡಕಾಗುತ್ತದೆ. ಅಮೆರಿಕದ ಆಯೋಗ 2005ರಲ್ಲೇ ಈ ಸಮಸ್ಯೆಗೆ ಕೈಹಾಕಿ, ಸಾಮಾನ್ಯ ದೂರವಾಣಿ ಜಾಲಕ್ಕೆ ಜೋಡಿಸಿದ ಇಂಟರ್‌ನೆಟ್ ಫೋನ್ ಕಂಪನಿಗಳು 911 ಕರೆಯನ್ನು ಗ್ರಾಹಕರು ನೋಂದಾಯಿಸಿದ ವಿಳಾಸದೊಂದಿಗೆ ಸರಿಯಾದ ಕೇಂದ್ರಕ್ಕೆ ತಲುಪಿಸಬೇಕು, ಸೇವೆಯ ಮಿತಿಗಳನ್ನು ಗ್ರಾಹಕರಿಗೆ ತಿಳಿಸಿ ಒಪ್ಪಿಗೆ ಪಡೆಯಬೇಕು, ಫೋನಿನ ಬಳಿ ಅಂಟಿಸಲು ಎಚ್ಚರಿಕೆಯ ಸ್ಟಿಕ್ಕರ್ ಕೊಡಬೇಕು ಎಂದು ಆದೇಶಿಸಿತು. ಇಲ್ಲಿ ಮುಖ್ಯವಾದದ್ದು ನೋಂದಾಯಿಸಿದ ವಿಳಾಸ ಎಂಬ ಮಾತು. ಮನೆ ಬದಲಿಸಿ ಅಡಾಪ್ಟರನ್ನು ಹೊಸ ಮನೆಯಲ್ಲಿ ಜೋಡಿಸಿದರೆ ಫೋನ್ ಕೂಡಲೇ ನಡೆಯುತ್ತದೆ, ಆದರೆ ಖಾತೆಯಲ್ಲಿನ ವಿಳಾಸವನ್ನು ಯಾರೂ ತಿದ್ದದಿದ್ದರೆ ಆಂಬುಲೆನ್ಸ್ ಹಳೆಯ ಮನೆಯ ಬಾಗಿಲಿಗೆ ಹೋಗುತ್ತದೆ. ವಿಳಾಸ ತಿದ್ದುವುದು ಕೆಲವೇ ನಿಮಿಷದ ಕೆಲಸ, ಮರೆತುಹೋಗುವಂಥದ್ದೂ ಇದೇ.

ಸುರಕ್ಷತೆಯ ಪ್ರಶ್ನೆ

ಇಂಟರ್‌ನೆಟ್ ಕರೆಯಲ್ಲಿ ಸಂಖ್ಯೆಯೆಂಬುದು ಸಾಫ್ಟ್‌ವೇರ್ ಬರೆಯುವ ಒಂದು ವಿವರ ಮಾತ್ರವಾದ್ದರಿಂದ, ಬೇರೆಯವರ ಸಂಖ್ಯೆ ತೋರಿಸಿ ವಂಚಿಸುವುದು ಸುಲಭವಾಯಿತು. ಅಮೆರಿಕದಲ್ಲಿ ದೊಡ್ಡ ಕಂಪನಿಗಳು 2021ರ ಜೂನ್ ಅಂತ್ಯದೊಳಗೆ ಕರೆಯ ಸಂಖ್ಯೆಗೆ ಡಿಜಿಟಲ್ ಸಹಿ ಹಾಕುವ ವ್ಯವಸ್ಥೆಯನ್ನು ಜಾರಿಗೆ ತರಬೇಕಾಯಿತು. ಗ್ರಾಹಕರ ಮಟ್ಟದಲ್ಲಿ ಹೆಚ್ಚು ಕಾಣುವ ಅಪಾಯವೆಂದರೆ ಖಾತೆಯ ಪಾಸ್‌ವರ್ಡ್ ದುರ್ಬಲವಾಗಿದ್ದು, ಕಳ್ಳರು ಅದನ್ನು ಊಹಿಸಿ ದುಬಾರಿ ದರದ ಅಂತರರಾಷ್ಟ್ರೀಯ ಸಂಖ್ಯೆಗಳಿಗೆ ರಾತ್ರೋರಾತ್ರಿ ಕರೆ ಮಾಡುವುದು. ವಿದೇಶಿ ಕರೆ ಬೇಡವಾದರೆ ಅದನ್ನು ಖಾತೆಯಲ್ಲೇ ತಡೆಯುವುದು, ಅಡಾಪ್ಟರಿನೊಂದಿಗೆ ಬಂದ ಮೂಲ ಪಾಸ್‌ವರ್ಡ್ ಬದಲಾಯಿಸುವುದು ಒಳ್ಳೆಯದು. ಅನೇಕ ಸೇವೆಗಳಲ್ಲಿ ಮಾತು ಗೂಢಲಿಪಿಯಿಲ್ಲದೆ ಸಾಗುತ್ತದೆ, ಅದನ್ನು ಗೂಢಲಿಪಿಯಲ್ಲಿ ಕಳಿಸುವ ವಿಧಾನವೂ ಇದೆ, ಕಂಪನಿಯಲ್ಲಿ ಕೇಳಬಹುದು.

ಬದಲಾಯಿಸುವ ಕ್ರಮ

ಬದಲಾವಣೆಯಲ್ಲಿ ಕ್ರಮ ತಪ್ಪಿದರೆ ಸಂಖ್ಯೆಯೇ ಕೈತಪ್ಪಬಹುದು. ಹಳೆಯ ಸಂಪರ್ಕವನ್ನು ಮೊದಲು ರದ್ದು ಮಾಡಿ ಆಮೇಲೆ ಹೊಸದನ್ನು ಕೇಳಿದರೆ, ರದ್ದಾದ ಸಂಖ್ಯೆಯನ್ನು ಮರಳಿ ಪಡೆಯುವುದು ಬಹಳ ಸಲ ಸಾಧ್ಯವಾಗುವುದಿಲ್ಲ. ಹೊಸ ಕಂಪನಿಗೆ ಸಂಖ್ಯೆ ವರ್ಗಾಯಿಸಲು ಅರ್ಜಿ ಕೊಟ್ಟು, ಅದು ಪೂರ್ತಿಯಾಗಿ, ಒಳಬರುವ ಕರೆಯೂ ಸರಿಯಾಗಿ ಬರುತ್ತಿದೆಯೆಂದು ಖಚಿತವಾಗುವವರೆಗೆ ಹಳೆಯದನ್ನು ಇಟ್ಟುಕೊಳ್ಳಬೇಕು. ಹಳೆಯ ತಂತಿಯ ಮೇಲೆಯೇ ಬ್ರಾಡ್‌ಬ್ಯಾಂಡ್ ಬರುತ್ತಿದ್ದರೆ ಇನ್ನೂ ಎಚ್ಚರ ಬೇಕು, ಏಕೆಂದರೆ ಫೋನ್ ರದ್ದಾದರೆ ಇಂಟರ್‌ನೆಟ್ಟೂ ನಿಂತು, ಹೊಸ ಫೋನ್ ನಡೆಯಬೇಕಾದ ದಾರಿಯೇ ಇಲ್ಲವಾಗಬಹುದು. ಮನೆಯಲ್ಲಿ ಟೆಲಿಕೇರ್ ಗುಂಡಿ ಅಥವಾ ಅಲಾರಂ ಇದ್ದರೆ ಅದನ್ನು ಒದಗಿಸಿದವರಿಗೆ ಮೊದಲೇ ತಿಳಿಸಿ, ಬದಲಾವಣೆಯಾದ ದಿನವೇ ಗುಂಡಿ ಒತ್ತಿ ಸಹಾಯ ಕೇಂದ್ರದವರು ಉತ್ತರಿಸುತ್ತಾರೆಯೇ ಎಂದು ನೋಡಬೇಕು. ಅದೇ ಪರೀಕ್ಷೆಯನ್ನು ಮನೆಯ ಮೇನ್ ಸ್ವಿಚ್ ಆರಿಸಿ, ಯುಪಿಎಸ್ ಮೇಲೆ ಇನ್ನೊಮ್ಮೆ ಮಾಡಬೇಕು.